ಕರಿಯನಿಗೆ ಒಂದು ಒತ್ತು, ಬೆಳ್ಳಿಗೆ ಎರಡು

ಮೊನ್ನೆ ಧನುರ್ಮಾಸದ ಒಂದು ಬೆಳಿಗ್ಗೆ ಸಾಗರದ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆಯ ನಾಯಿ ಕೂಗಿತು. ಬೊಗಳಿತು ಎನ್ನಲಿಲ್ಲ ನಾನು, ಕೂಗಿತು ಎಂದೆ. ಬೊಗಳುವುದು ಪೋಸ್ಟಿನವನಿಗೆ, ಹಾಲಿನವನಿಗೆ, ಗೇಟಿನ ಮುಂದೆ ಹಾದುಹೋಗುವ ಬೀದಿ ದನಕ್ಕೆ. ಇದು ಅದಲ್ಲ. ಮೊದಲು ಗಂಟಲಲ್ಲೇ ಮೂರು ಸಣ್ಣ ತುಂಡು, ಬಿಕ್ಕಿದ ಹಾಗೆ. ಆಮೇಲೆ ಒಂದೇ ಉಸಿರಿನ ಉದ್ದನೆಯ ರಾಗ. ನಾನು ಸ್ಟವ್ ಮೇಲೆ ಹಾಲಿಟ್ಟು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಕೈ ಹಾಗೇ ನಿಂತಿತು. "ಮೊಲ!" ಎಂದು ಜೋರಾಗಿ ಹೇಳಿಬಿಟ್ಟೆ. ಪುಣ್ಯಕ್ಕೆ ನಮ್ಮ ಯಜಮಾನರು ಪೇಪರ್ ತರಲು ಹೋಗಿದ್ದರು, ಇಲ್ಲದಿದ್ದರೆ ಆ ದಿನವಿಡೀ ನನ್ನನ್ನು ಆಡಿಕೊಳ್ಳುತ್ತಿದ್ದರು. ಹಾಲು ಉಕ್ಕಿ, ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ನಾನು ಐವತ್ತು ವರ್ಷದಾಚೆಯಿಂದ ಅಡಿಗೆಮನೆಗೆ ವಾಪಸ್ಸು ಬಂದದ್ದು.

ಆ ನಾಯಿಯ ಹೆಸರು ಕುಕಿ, ಜಾತಿ ಬೀಗಲ್. ಜೋಲುಬಿದ್ದ ದೊಡ್ಡ ಕಿವಿ, ಕಂದು ಬಿಳಿ ಕಪ್ಪು ಮೂರು ಬಣ್ಣ, ಮುಖದಲ್ಲಿ ಸದಾ ಏನೋ ಕಳೆದುಕೊಂಡವರ ಕಳೆ. ಸೋಫಾದ ಮೇಲೆ ಮಲಗುತ್ತದೆ, ಪ್ಯಾಕೆಟ್ಟಿನ ಊಟ ಮಾಡುತ್ತದೆ. ಅದನ್ನು ಸಾಕಿದ ಅಶ್ವಿನಿ ಶಾಲೆಯ ಟೀಚರು, ಒಳ್ಳೆಯ ಹುಡುಗಿ. ಕಾಂಪೌಂಡಿನ ಹತ್ತಿರ ಬಂದು, "ಸಾರಿ ಆಂಟಿ, ಬೆಳಿಗ್ಗೆಯಿಂದ ಇದಕ್ಕೆ ಏನೋ ಹುಚ್ಚು ಹಿಡಿದಿದೆ, ಸುಮ್‌ಸುಮ್ನೆ ಕೂಗ್ತಿದೆ. ಕೂಗಿದ್ರೆ ಕುತ್ತಿಗೆಗೆ ಜುಂ ಅನ್ನಿಸೋ ಬೆಲ್ಟ್ ಸಿಗುತ್ತಂತೆ, ಆರ್ಡರ್ ಮಾಡಿದೀನಿ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಸುಮ್‌ಸುಮ್ನೆ ಅಲ್ಲ ಮಾರಾಯ್ತಿ, ಅದು ನಿಜ ಹೇಳ್ತಿದೆ. ಹಿಂದಿನ ಖಾಲಿ ಸೈಟಿಗೆ ಮೊಲ ಬಂದಿದೆ" ಎಂದೆ. ಅಶ್ವಿನಿ ನನ್ನನ್ನು ಒಂದು ಥರ ನೋಡಿದಳು. ವಯಸ್ಸಾದವರನ್ನು ನೋಡುವ ಆ ನೋಟ ನನಗೆ ಈಚೆಗೆ ಪರಿಚಯವಾಗಿದೆ. ಆಮೇಲೆ ಸಮಾಧಾನಕ್ಕೆಂದು ಮೊಬೈಲಿನಲ್ಲಿ ಒಂದು ವೀಡಿಯೋ ತೋರಿಸಿದಳು. ಯಾವುದೋ ದೇಶದ ಹಿಮದ ಕಾಡು, ಹಿಮದಷ್ಟೇ ಬೆಳ್ಳಗಿನ ಮೊಲ, ಹಿಂದೆ ಕುಕಿಯಂಥವೇ ನಾಲ್ಕೈದು ನಾಯಿ, ಅದೇ ಕೂಗು. "ಇವು ಮೊಲದ ಬೇಟೆಗೇ ಅಂತ ಇರೋ ಜಾತಿ ಅಂತೆ ಆಂಟಿ, ನಂಬೋಕೇ ಆಗಲ್ಲ ಅಲ್ವಾ?" ಎಂದಳು. ನಾನು ನಂಬಿದೆ. ನಮ್ಮಲ್ಲಿ ಹಿಮ ಇರಲಿಲ್ಲ, ಇಬ್ಬನಿ ಇತ್ತು, ಅಷ್ಟೇ ವ್ಯತ್ಯಾಸ.

ನಮ್ಮ ಊರು ಹೊಸನಗರದಿಂದ ಒಳಗೆ, ಬಸ್ಸಿಳಿದು ಎರಡು ಮೈಲಿ ನಡೆಯುವಷ್ಟು ದೂರ. ಹುಲ್ಲು ಹೊದೆಸಿದ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಅಂಗಳದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಗದ್ದೆಯ ಆಚೆ ದಡದಲ್ಲಿ ಹಕ್ಕಲು. ಹಕ್ಕಲು ಎಂದರೆ ಪೂರಾ ಕಾಡೂ ಅಲ್ಲ, ಬಯಲೂ ಅಲ್ಲ. ಎದೆಮಟ್ಟ ಹುಲ್ಲು, ಕವಳಿ ಹಣ್ಣಿನ ಮುಳ್ಳುಮಟ್ಟಿ, ಅಲ್ಲೊಂದು ಇಲ್ಲೊಂದು ಮತ್ತಿಮರ. ಕೊಯ್ಲು ಮುಗಿದು ಬಣವೆ ಕಟ್ಟಿದ ಮೇಲೆ ಗದ್ದೆಯ ಹಸಿಗೆ ಉದ್ದು ಬಿತ್ತುತ್ತಿದ್ದರು. ಉದ್ದು ಎರಡೆಲೆ ಒಡೆಯುವುದೇ ತಡ, ಹಕ್ಕಲಿನ ಮೊಲಗಳು ರಾತ್ರಿ ಬಂದು ಸಾಲು ಸಾಲೇ ನುಣ್ಣಗೆ ಬೋಳಿಸಿಬಿಡುತ್ತಿದ್ದವು. ಬೆಳಿಗ್ಗೆ ಗದ್ದೆ ನೋಡಿ ನಮ್ಮ ಅಪ್ಪಯ್ಯ ಮೊಲಗಳ ವಂಶವನ್ನೆಲ್ಲ ಬೈದು, ಬೈಗುಳ ಮುಗಿದ ಮೇಲೆ ಬಲೆ ತೆಗೆಯುತ್ತಿದ್ದರು. ಚಳಿಗಾಲದ ಬೇಟೆ ಹಾಗೆ ಶುರುವಾಗುತ್ತಿತ್ತು. ಅದು ತಪ್ಪು ಎನ್ನುವ ಕಾನೂನು ಆಗಲೇ ಎಲ್ಲೋ ಇತ್ತೇನೋ, ನಮ್ಮ ಊರಿನವರೆಗೆ ನಡೆದು ಬಂದಿರಲಿಲ್ಲ. ಈಗ ನನಗೂ ಅದು ಸರಿ ಎನ್ನಿಸುವುದಿಲ್ಲ. ಆದರೆ ನಾನು ಹೇಳಹೊರಟಿದ್ದು ಮೊಲದ ಸಾರಿನ ಕಥೆ ಅಲ್ಲ, ನಾಯಿಗಳದ್ದು, ಮತ್ತು ನಮ್ಮ ಅಜ್ಜಿಯದ್ದು.

ಅಜ್ಜಿಯ ಹೆಸರು ದುಗ್ಗವ್ವ, ಅಪ್ಪಯ್ಯನ ತಾಯಿ. ತವರು ತೀರ್ಥಹಳ್ಳಿ ಕಡೆಯ ಅರಳಸುರಳಿ. ಮದುವೆಯಾಗಿ ಬರುವಾಗ ಗಾಡಿಯಲ್ಲಿ ಅವಳ ಮಡಿಲಲ್ಲಿ ಮಡಲಕ್ಕಿಯ ಜೊತೆಗೆ ಒಂದು ನಾಯಿಮರಿಯೂ ಇತ್ತಂತೆ. ಬಂಗಾರ ಕೊಡಲಾಗದ ಅವಳಪ್ಪ ಮಗಳಿಗೆ ಕೊಟ್ಟ ಬಳುವಳಿ ಅದು. ನಾನು ಕಂಡ ನಾಯಿಗಳೆಲ್ಲ ಆ ಮರಿಯ ಮೊಮ್ಮಕ್ಕಳು, ಮರಿಮಕ್ಕಳು. ಗಿಡ್ಡ ಕಾಲು, ಉದ್ದ ಮೂಗು, ಗಂಟೆಯಂಥ ದನಿ. ನಾಯಿ ಸಾಕುವುದು, ಕಲಿಸುವುದು ಎಲ್ಲ ಅವಳದೇ ಕೆಲಸ. ಆದರೆ ಬೇಟೆಗೆ ಹೋಗುವ ಹಾಗಿರಲಿಲ್ಲ. ಹೆಂಗಸರ ಕಾಲು ಬಿದ್ದ ಹಕ್ಕಲಲ್ಲಿ ಮೊಲ ಏಳುವುದಿಲ್ಲ ಎಂಬ ಮಾತು ಊರಲ್ಲಿತ್ತು. ಅಜ್ಜಿ ಅದಕ್ಕೆ, "ಗಂಡಸರು ಹೋದಾಗ ಭಾರೀ ಏಳ್ತಾವೆ, ಪಾಪ" ಎಂದು ಬಾಯಿ ಸೊಟ್ಟ ಮಾಡುತ್ತಿದ್ದಳು, ಆದರೆ ಗದ್ದೆ ದಾಟುತ್ತಿರಲಿಲ್ಲ.

ಅವಳು ಕಲಿಸುತ್ತಿದ್ದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾದ ಒಂದು ಮೊಲದ ಚರ್ಮ ಇರುತ್ತಿತ್ತು. ಅದಕ್ಕೆ ಹಗ್ಗ ಕಟ್ಟಿ ನನ್ನ ಕೈಗೆ ಕೊಟ್ಟು, "ಓಡೇ ಕೂಸೇ" ಎನ್ನುತ್ತಿದ್ದಳು. ನಾನು ಮೊಲ. ಕೊಯ್ದ ಗದ್ದೆಯ ಕೂಳೆಗಳ ಮೇಲೆ, ಅಂಚಿನ ಮೇಲೆ ಚರ್ಮ ಎಳೆಯುತ್ತ ಓಡಿ, ದೊಡ್ಡದೊಂದು ಸುತ್ತು ಹಾಕಿ, ಮೊದಲು ಹೊರಟಲ್ಲಿಗೇ ವಾಪಸ್ಸು ಬಂದು ಹುಲ್ಲಿನಡಿ ಅಡಗಿಸಬೇಕು. ಯಾಕೆಂದರೆ ಮೊಲದ ಬುದ್ಧಿ ಅದು. ಎಷ್ಟೇ ಸುತ್ತಿದರೂ ಎದ್ದ ಜಾಗಕ್ಕೇ ಮರಳುತ್ತದೆ. ಬಲೆ ಕಟ್ಟುವುದೂ ಅಲ್ಲೇ. ಆಮೇಲೆ ಅಜ್ಜಿ ನಾಯಿಮರಿಯನ್ನು ಬಿಡುತ್ತಿದ್ದಳು. ಅದು ಜಾಡಿನ ಮೇಲೆ ಮೂಗಿಟ್ಟು ಕೂಗಿದರೆ ಒಣಮೀನು ಕಲಸಿದ ಗಂಜಿಯ ಉಂಡೆ. ಜಾಡಿಲ್ಲದಲ್ಲಿ ಸುಮ್ಮನೆ ಕೂಗಿದರೆ ಹೊಡೆತ ಇಲ್ಲ, ಬೈಗುಳ ಇಲ್ಲ. ಅಜ್ಜಿ ಎದ್ದು ಬೆನ್ನು ತಿರುಗಿಸಿ ಕೂರುತ್ತಿದ್ದಳು, ಅಷ್ಟೇ. ಆ ಬೆನ್ನು ನೋಡಿ ಮರಿಗಳು ಪಡುತ್ತಿದ್ದ ಸಂಕಟ ದೇವರಿಗೇ ಪ್ರೀತಿ. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿ ಬಂದು, ಅವಳ ಸೀರೆಯ ಸೆರಗನ್ನು ಮೂಗಿನಿಂದ ಮುಟ್ಟಿ ಮುಟ್ಟಿ ಕುಂಯ್‌ಗುಡುತ್ತಿದ್ದವು. ಅವಳು ತಿರುಗಿ ನೋಡುವವರೆಗೂ ಊಟ ಮುಟ್ಟುತ್ತಿರಲಿಲ್ಲ.

ಸುಳ್ಳು ಕೂಗುವ ನಾಯಿಯನ್ನು ಬೇಟೆಯವರು ಇಟ್ಟುಕೊಳ್ಳುವುದಿಲ್ಲ. ಒಂದು ಸುಳ್ಳು ಕೂಗಿಗೆ ಹತ್ತು ಜನ ಮುಳ್ಳಿನಲ್ಲಿ ಓಡಿ, ನಿಜವಾದ ಮೊಲ ಇನ್ನೊಂದು ಕಡೆಯಿಂದ ನುಸುಳಿ ಹೋಗುತ್ತದೆ. ಅದಕ್ಕೇ ಒಂದು ಕಟ್ಟಳೆ ಇತ್ತು: ಮೂರು ಸುಳ್ಳಾದರೆ ಹೊಳೆ ದಾಟಿಸುವುದು. ದೋಣಿಯಲ್ಲಿ ಆಚೆ ದಡಕ್ಕೆ ಒಯ್ದು ಬಿಟ್ಟು ಬರುತ್ತಿದ್ದರು, ಮತ್ತೆ ಆ ನಾಯಿಯ ಸುದ್ದಿ ಇಲ್ಲ. ಯಾವುದು ಸುಳ್ಳು, ಯಾವುದು ನಿಜ ಎಂದು ಹೇಳುವವಳು ಮಾತ್ರ ನಮ್ಮ ಅಜ್ಜಿ. ಹಕ್ಕಲೊಳಗಿನ ಗಂಡಸರಿಗೆ ತಮ್ಮದೇ ಗಲಾಟೆಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅಂಗಳದ ತುದಿಯ ಕಲ್ಲಿನ ಮೇಲೆ ಎಳೆಬಿಸಿಲು ಕಾಯಿಸುತ್ತ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತ ಅಜ್ಜಿಗೆ ನಮ್ಮ ನಾಯಿ ಕರಿಯನ ಕೂಗಿನಿಂದಲೇ ಎಲ್ಲ ಗೊತ್ತಾಗುತ್ತಿತ್ತು. "ಕರಿಯ ಜಾಡು ಹಿಡ್ದ. ಎದ್ತು ನೋಡು. ಹಳ್ಳ ದಾಟ್ತು. ಈಗ ತಿರುಗ್ತದೆ, ಬಲೆ ಹತ್ರ ಸುಮ್ನಿರ್ರೋ!" ಎಂದು ಅರ್ಧ ಮೈಲಿ ದೂರದವರಿಗೆ ಇಲ್ಲಿಂದಲೇ ಗದರುತ್ತಿದ್ದಳು. ಬೇಟೆ ಮುಗಿಸಿ ಬಂದವರು ಮೊದಲು ಅವಳ ಮುಂದೆ ನಿಲ್ಲುತ್ತಿದ್ದರು. ಬೇಟೆಯ ಮುಂದಾಳು ತಿಮ್ಮಣ್ಣ ಆರಡಿ ಎತ್ತರದ ಮನುಷ್ಯ, ಯಾರಿಗೂ ಸೊಪ್ಪು ಹಾಕದವನು. ಅವನೂ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ದುಗ್ಗವ್ವಾ, ಎಂತ ಕೇಳ್ತು?" ಎಂದು ಕೇಳುತ್ತಿದ್ದ. ಅವಳು ಹೇಳಿದ್ದೇ ತೀರ್ಪು. ಮಾತಿಗೆ ನಿಂತರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು, ಆದರೆ ನಾಯಿಯ ವಿಷಯದಲ್ಲಿ ಒಂದು ಕಾಲೂ ಹೆಚ್ಚು ಕಡಿಮೆ ಹೇಳಿದವಳಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮಲ್ಲಿ ಎರಡು ನಾಯಿ ಇದ್ದವು. ಕರಿಯ ಮುದುಕ, ಅನುಭವಸ್ಥ. ಬೆಳ್ಳಿ ಅವನ ಮೊಮ್ಮಗಳು, ಮೇಳಿಗೆಯ ನಮ್ಮ ಅತ್ತೆಯ ಮನೆಯಲ್ಲಿ ಹುಟ್ಟಿದ್ದು. ತಾಯಿ ಸತ್ತಿದ್ದರಿಂದ ಹತ್ತಿಯಲ್ಲಿ ಹಾಲು ಅದ್ದಿ ನಾನೇ ಕುಡಿಸಿ ಬೆಳೆಸಿದ್ದೆ. ಹಣೆಯ ಮೇಲೆ ಹೆಬ್ಬೆರಳು ಒತ್ತಿದಷ್ಟು ಬಿಳಿ. ಶಾಲೆಯಿಂದ ಬರುವಾಗ ಗದ್ದೆಯಂಚಿನಲ್ಲಿ ಕಾದಿರುತ್ತಿತ್ತು. ಅದರ ತಲೆ ನೆಕ್ಕಿದರೆ ಬಿಸಿಲಿನ ರುಚಿ ಇರುತ್ತಿತ್ತು ಎಂದು ನಾನು ಹೇಳಿದರೆ ನನ್ನ ಮಕ್ಕಳು, "ಅಯ್ಯೋ ಅಮ್ಮಾ!" ಎನ್ನುತ್ತಾರೆ. ಎನ್ನಲಿ. ಆ ಚಳಿಗಾಲ ಬೆಳ್ಳಿಯ ಮೊದಲ ಬೇಟೆಯ ಕಾಲ. ಮೊದಲ ವಾರವೇ ಒಂದು ಕೆಂಬೂತ ನೋಡಿ ಕೂಗಿ ಒಂದು ಸುಳ್ಳಾಯಿತು. ಹತ್ತು ದಿನ ಬಿಟ್ಟು ಹಿಂದಿನ ದಿನದ ಹಳಸಿದ ಜಾಡಿನ ಮೇಲೆ ಕೂಗಿ ಎರಡಾಯಿತು. "ಇನ್ನೊಂದು ಆದ್ರೆ ಹೊಳೆ" ಎಂದು ತಿಮ್ಮಣ್ಣ ಹೇಳಿದಾಗ ನಾನು ಬೆಳ್ಳಿಯನ್ನು ಎಳೆದುಕೊಂಡು ಬಣವೆಯ ಹಿಂದೆ ಹೋದೆ.

ಆ ಹೊತ್ತಿಗೆ ನನ್ನಲ್ಲಿ ಇನ್ನೊಂದು ಗುಟ್ಟೂ ಇತ್ತು. ಬೇಟೆ ಶುರುವಾದ ಮೊದಲ ದಿನ ಕರಿಯ ಹಳ್ಳದ ಬದಿಯಲ್ಲಿ ಹಕ್ಕಲೇ ನಡುಗುವ ಹಾಗೆ ಕೂಗುತ್ತಿದ್ದ. ಅಜ್ಜಿ ಮೊರದ ಮೇಲೆ ಬಗ್ಗಿಕೊಂಡು, "ಎಂತ ಇವತ್ತು, ಇನ್ನೂ ಜಾಡೇ ಸಿಕ್ಲಿಲ್ವನೇ?" ಎಂದಳು. ನಾನು ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಆಮೇಲೆ ಹಕ್ಕಲನ್ನು ನೋಡಿದಳು, ಮೊರದಲ್ಲಿದ್ದ ಅವಳ ಕೈ ನಿಂತುಹೋಯಿತು. ನನಗೆ ಅರ್ಥವಾಯಿತು. ಅಜ್ಜಿಯ ಕಿವಿ ಹೋಗಿತ್ತು. ಹತ್ತಿರ ಕೂತು ಆಡಿದ ಮಾತನ್ನು ತುಟಿ ನೋಡಿ ಹೇಗೋ ಹಿಡಿಯುತ್ತಿದ್ದಳು, ದೂರದ್ದು ಏನೂ ಇಲ್ಲ. ಅವಳು ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಕೂಸೇ. ಇದೊಂದು ಹೋದ್ರೆ ನಾನು ಮೂಲೆಗೆ ಕೂರೋ ಮುದ್ಕಿ ಅಷ್ಟೇ" ಎಂದಳು. ಅಷ್ಟು ದೊಡ್ಡ ಅಜ್ಜಿ ನನ್ನ ಹತ್ತಿರ ಹಾಗೆ ಬೇಡಿಕೊಂಡದ್ದು ನೋಡಿ ನನಗೆ ಅಳು ಬಂತು.

ಉಪಾಯ ಅವಳದೇ. ನಾನು ಪಕ್ಕದಲ್ಲಿ ಕೂರುವುದು, ನನ್ನ ಕೈ ಅವಳ ಸೆರಗಿನಡಿ ಅವಳ ಅಂಗೈಯಲ್ಲಿ. ಕರಿಯ ಕೂಗಿದರೆ ಒಂದು ಒತ್ತು, ಬೆಳ್ಳಿ ಕೂಗಿದರೆ ಎರಡು. ಮೊಲ ಎದ್ದು ಓಡಿದರೆ ಬೆರಳಿನಿಂದ ಒಂದು ಗೆರೆ, ಹಳ್ಳದ ಕಡೆಗೋ ದಿಬ್ಬದ ಕಡೆಗೋ. ಸುತ್ತು ಹಾಕಿದರೆ ಸುತ್ತು. ಎದ್ದಲ್ಲಿಗೆ ಮರಳಿದರೆ ಅಂಗೈ ನಡುವೆ ಒಂದು ಚುಕ್ಕೆ. ಅಜ್ಜಿ ಕಣ್ಣು ಮುಚ್ಚಿಕೊಂಡು, "ಎದ್ತು ನೋಡು" ಎಂದು ಮೊದಲಿನ ಹಾಗೇ ಗದರುತ್ತಿದ್ದಳು. ಅವಳ ಅಂಗೈ ಒರಟು, ಬಿಸಿ, ಹೊಗೆ ಮತ್ತು ಒಣಮೀನಿನ ವಾಸನೆ. ನಮ್ಮ ಹಕ್ಕಲು, ಹಳ್ಳ, ಮತ್ತಿಮರ ಎಲ್ಲ ಅದರೊಳಗಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಎಷ್ಟು ಸಲ ಸಿಕ್ಕಿತು ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು.

ಹಾಗೇ ಒಂದು ತಿಂಗಳು ನಡೆಯಿತು. ಆಮೇಲೆ ಆ ದಿನ ಬಂತು. ಮಂಜು ದಟ್ಟವಾಗಿದ್ದ ಬೆಳಿಗ್ಗೆ; ಹಕ್ಕಲು ಕಾಣುತ್ತಿರಲಿಲ್ಲ, ಬರೀ ಸದ್ದು. ಕರಿಯ ಹಳ್ಳದ ಬದಿ ಒಮ್ಮೆ ಕೂಗಿ ಸುಮ್ಮನಾದ. ನಾನು ಒಂದು ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಮತ್ತಿಮರದ ದಿಬ್ಬದ ಕಡೆಯಿಂದ ಬೆಳ್ಳಿ ಶುರುಮಾಡಿತು. ಮೂರು ಬಿಕ್ಕು, ಒಂದು ರಾಗ. ಮತ್ತೆ ಮೂರು, ಮತ್ತೆ ರಾಗ. ನಾನು ಮೈಯೆಲ್ಲ ಕಿವಿಯಾಗಿ ಕೂತೆ. ಕೂಗು ಅಲ್ಲಾಡುತ್ತಿರಲಿಲ್ಲ. ಮೊಲ ಎದ್ದಿದ್ದರೆ ಕೂಗು ಅದರ ಹಿಂದೆ ಓಡಬೇಕು, ಹಳ್ಳಕ್ಕೆ ಇಳಿಯಬೇಕು, ತಿರುಗಬೇಕು. ಇದು ನಿಂತಲ್ಲೇ ನಿಂತಿತ್ತು. ಕರಿಯ ಜೊತೆಗೂಡಲಿಲ್ಲ. ಗಂಡಸರು ಆ ಕಡೆ ಓಡಿದ ಸದ್ದು, ಬೈದ ಸದ್ದು ಕೇಳಿತು. ಮೂರನೆಯ ಸುಳ್ಳು. ಅಜ್ಜಿಯ ಅಂಗೈ ನನ್ನ ಕೈಕೆಳಗೆ ಕಾಯುತ್ತಿತ್ತು. ಬೆಳ್ಳಿ ಕೂಗುತ್ತಲೇ ಇತ್ತು. ನಾನು ಒತ್ತಲಿಲ್ಲ.

ಹತ್ತು ವರ್ಷದ ತಲೆಗೆ ಹೊಳೆದದ್ದು ಇಷ್ಟೇ: ತೀರ್ಪು ಹೇಳುವವಳು ಅಜ್ಜಿ, ಅವಳಿಗೆ ಗೊತ್ತಾಗದಿದ್ದರೆ ಸುಳ್ಳೇ ಇಲ್ಲ. ಬಾಕಿ ಅಷ್ಟು ಜನರಿಗೂ ಕಿವಿ ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ ನೋಡಿ.

ಬಂದರು. ಅಪ್ಪಯ್ಯ, ತಿಮ್ಮಣ್ಣ, ಇನ್ನಿಬ್ಬರು, ಮೈಯೆಲ್ಲ ಇಬ್ಬನಿ ಮತ್ತು ಹುಲ್ಲಿನ ಬೀಜ. ಬೆಳ್ಳಿಯನ್ನು ಹಗ್ಗ ಕಟ್ಟಿ ಎಳೆದು ತಂದಿದ್ದರು. ತಿಮ್ಮಣ್ಣ ತಲೆವಸ್ತ್ರ ಬಿಚ್ಚಿದ. "ದುಗ್ಗವ್ವಾ, ಎಂತ ಕೇಳ್ತು?"

"ಕರಿಯ ಹಳ್ಳದ ಬದಿ ಒಂದ್ಸಲ ದನಿ ಎತ್ದ, ಬಿಟ್ಟ. ಮೊಲ ನೀರಲ್ಲಿ ಹಾದು ಹೋಗಿದೆ."

"ಬೆಳ್ಳಿ?"

"ಬೆಳ್ಳಿಗೆಂತ?" ಎಂದಳು ಅಜ್ಜಿ, ಗಟ್ಟಿಯಾಗಿ, ತೀರ್ಪಿನ ದನಿಯಲ್ಲಿ. "ಬೆಳ್ಳಿ ಇವತ್ತು ಬಾಯೇ ಬಿಡ್ಲಿಲ್ವಲ್ಲ."

ಬೆಳ್ಳಿ ಕೂಗಿದ ಕೂಗಿಗೆ ಕೆಳಗಿನ ಕೇರಿಯಲ್ಲಿ ಮಲಗಿದ ಕೂಸುಗಳು ಎದ್ದಿರಬೇಕು. ಅಪ್ಪಯ್ಯ ತಮ್ಮ ತಾಯಿಯ ಮುಖ ನೋಡಿದರು. ತಿಮ್ಮಣ್ಣ ನನ್ನ ಮುಖ ನೋಡಿದ, ಸೆರಗಿನಡಿಯ ಕೈ ನೋಡಿದ. ಆ ಒರಟ ಮನುಷ್ಯ, ಎದುರು ಮಾತಾಡಿದವರನ್ನು ಗದ್ದೆಯಂಚಿನಿಂದ ಕೆಳಗೆ ದೂಡುವವನು, ಮೆಲ್ಲಗೆ ಹೇಳಿದ: "ಹೌದಲ್ವಾ. ಬಾಯಿ ಬಿಟ್ಟಿಲ್ಲ." ಅಪ್ಪಯ್ಯ, "ಇಲ್ಲ ಅವ್ವಾ" ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. ಅವರೆಲ್ಲ ನನ್ನ ಅಜ್ಜಿಗೋಸ್ಕರ ಸಾಲಾಗಿ ನಿಂತು ಸುಳ್ಳು ಹೇಳಿದರು. ಅವರ ಮೇಲೆ ನನಗಿರುವ ಪ್ರೀತಿ ಅವತ್ತಿನದು, ಇವತ್ತಿಗೂ ಒಂದು ಕಾಳೂ ಕಡಿಮೆ ಆಗಿಲ್ಲ.

ಆದರೆ ಅಜ್ಜಿ ದಡ್ಡಿಯೇ? ಒಬ್ಬೊಬ್ಬರ ತುಟಿಯನ್ನೂ ನೋಡಿದಳು. ಬೆಳ್ಳಿಯನ್ನು ಹತ್ತಿರ ಎಳೆದು ಅದರ ಬಾಯಿ ನೋಡಿದಳು. ತುಟಿಯಂಚಿನಲ್ಲಿ ನೊರೆ ಒಣಗಿತ್ತು. ಗಂಟಲ ಮೇಲೆ ಕೈಯಿಟ್ಟಳು. ಕೂಗಿ ಕೂಗಿ ಸೋತ ಗಂಟಲು ಇನ್ನೂ ಅದುರುತ್ತಿರಬೇಕು. ನನ್ನ ಕೈ ಬಿಟ್ಟಳು. ಎದ್ದಳು. ನನಗೆ ಬೆನ್ನು ತಿರುಗಿಸಿ ಒಳಗೆ ಹೋದಳು.

ಆ ದಿನವಿಡೀ ಬೆನ್ನು. ಊಟಕ್ಕೆ ಕೂತರೆ ಬೆನ್ನು, ಒಲೆಯ ಮುಂದೆ ಬೆನ್ನು. "ಎಂತ ಮಾಡಿದ್ಯೇ ಅಜ್ಜಿಗೆ?" ಎಂದು ಅಮ್ಮ ಕೇಳಿದರೆ ನಾನು ಹಿತ್ತಿಲಿಗೆ ಓಡಿದೆ. ನಾಯಿಮರಿಗಳು ಯಾಕೆ ಹಾಗೆ ತೆವಳುತ್ತಿದ್ದವು ಎಂದು ನನಗೆ ಅವತ್ತು ತಿಳಿಯಿತು. ಸಂಜೆ ನಾನೂ ಹಿಂದೆ ಹೋಗಿ ಕೂತು ಅವಳ ಸೆರಗಿನ ತುದಿ ಹಿಡಿದುಕೊಂಡೆ. ಅವಳು ತಿರುಗಲಿಲ್ಲ. ಸೆರಗು ಬಿಡಿಸಿಕೊಳ್ಳಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಜ್ಜಿ ಬೆಳ್ಳಿಯ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದಳು. "ಬಾ" ಎಂದಳು. ಹೊಳೆಗೇ ಎಂದುಕೊಂಡು ನಾನು ಹಿಂದೆ ಹಿಂದೆ ನಡೆದೆ. ಅವಳು ಹೊಳೆಯ ದಾರಿ ಹಿಡಿಯಲಿಲ್ಲ. ಗದ್ದೆ ಇಳಿದಳು, ಅಂಚು ಹತ್ತಿದಳು, ಈ ಮನೆಗೆ ಬಂದ ಮೇಲೆ ಚಳಿಗಾಲದಲ್ಲಿ ಒಮ್ಮೆಯೂ ದಾಟದ ಹಕ್ಕಲಿನ ಬೇಲಿ ದಾಟಿದಳು. ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪಯ್ಯ ಬಾಯಿ ತುಂಬ ಮಸಿಯೊಂದಿಗೆ ಹಾಗೇ ನೋಡುತ್ತ ನಿಂತರು, ಬೇಡ ಎನ್ನಲಿಲ್ಲ. ಇಬ್ಬನಿಗೆ ನಮ್ಮ ಸೀರೆ ಲಂಗಗಳೆಲ್ಲ ಒದ್ದೆಯಾದವು. ಮತ್ತಿ ದಿಬ್ಬದ ಹತ್ತಿರ ಬೆಳ್ಳಿ ಹಗ್ಗ ಜಗ್ಗಿತು. ಒಂದು ಹುಲ್ಲಿನ ಬುಡದ ಮುಂದೆ ನಿಂತು ಕೂಗಿತು, ನಿನ್ನೆಯದೇ ಕೂಗು. ಅಜ್ಜಿ ಮಂಡಿಯೂರಿ ಅದರ ಗಂಟಲ ಮೇಲೆ ಅಂಗೈ ಇಟ್ಟು, ಕೂಗನ್ನೆಲ್ಲ ಕೈಯಲ್ಲೇ ಕೇಳಿಸಿಕೊಂಡಳು. ಆಮೇಲೆ ಹುಲ್ಲು ಸರಿಸಿದಳು.

ಮೂರು ಮೊಲದ ಮರಿ. ಮುಷ್ಟಿಯಷ್ಟು ದೊಡ್ಡವು, ಕಣ್ಣು ಬಿಟ್ಟುಕೊಂಡು, ಒಂದಕ್ಕೊಂದು ಒತ್ತಿಕೊಂಡು, ಕಲ್ಲಿನ ಹಾಗೆ ಕೂತಿದ್ದವು. ಅಲ್ಲಾಡಲಿಲ್ಲ.

"ಮರಿ ಓಡ್ತಾವನೇ?" ಎಂದಳು ಅಜ್ಜಿ. "ಓಡ್ದೆ ಇದ್ರೆ ಕೂಗು ಎಲ್ಲಿಗೆ ಓಡ್ಬೇಕು? ಕರಿಯ ಮುದ್ಕ, ಮರಿ ಕಂಡ್ರೆ ಸುಮ್ನೆ ಹೋಗ್ತಾನೆ. ಇದು ಸಣ್ಣದು, ಕಂಡಿದ್ದೆಲ್ಲ ಹೇಳ್ತದೆ."

ನಾನು ಅಳಲು ಶುರುಮಾಡಿದೆ. ಅವಳು ಹುಲ್ಲನ್ನು ಮೊದಲಿದ್ದ ಹಾಗೇ ಮುಚ್ಚಿದಳು, ಕೂದಲು ಬಾಚಿದಷ್ಟು ನಯವಾಗಿ. "ನಾಯಿ ನಿಜ ಹೇಳ್ತು ಕೂಸೇ. ನೀನು ಎರಡು ಸಲ ಒತ್ತಿದ್ರೆ ಸಾಕಿತ್ತು, ನಾನೇ ಹೇಳ್ತಿದ್ದೆ ಅಲ್ಲಿ ಮರಿ ಇರ್ಬೇಕು ಅಂತ. ನಿಂಗೆ ಅದ್ರ ಮೇಲೆ ಪ್ರೀತಿ ಇತ್ತು, ನಂಬಿಕೆ ಇರ್ಲಿಲ್ಲ." ಅಷ್ಟೇ. ಹೊಡೆದಿದ್ದರೆ ಮರೆತುಹೋಗುತ್ತಿತ್ತು. ಮುಂದೆ ನಾನು ನರ್ಸಾಗಿ ಮೂವತ್ತು ವರ್ಷ ದುಡಿದೆ. ರೋಗಿಗಳ ಮನೆಯವರು ಪ್ರೀತಿಯಿಂದ ಮುಚ್ಚಿಡುವ ಸುಳ್ಳುಗಳನ್ನು ಕಂಡಾಗಲೆಲ್ಲ ಆ ಹುಲ್ಲಿನ ಬುಡ ನೆನಪಾಗುತ್ತಿತ್ತು.

ಮುಂದಿನ ಬೇಟೆಯ ದಿನ ಎಲ್ಲರೂ ಬಂದು ಮಾಮೂಲಿನಂತೆ ನಿಂತರು. ಏನೂ ಆಗಿಲ್ಲವೆನ್ನುವ ಹಾಗೆ ತಿಮ್ಮಣ್ಣ ವಸ್ತ್ರ ಬಿಚ್ಚಿ, "ದುಗ್ಗವ್ವಾ, ಎಂತ ಕೇಳ್ತು?" ಎಂದ. ಅಜ್ಜಿ ಸೆರಗು ಸರಿಸಿ ನನ್ನ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ತನ್ನ ಮಂಡಿಯ ಮೇಲಿಟ್ಟಳು.

"ಎಂತದೂ ಕೇಳ್ಲಿಲ್ಲ ಮಾರಾಯಾ. ನನ್ ಕಿವಿ ಹೋಗಿದೆ. ನಿಮ್ಗೂ ಗೊತ್ತು, ನಾಟ್ಕ ಸಾಕು. ಮತ್ತಿ ದಿಬ್ಬದಲ್ಲಿ ಮರಿ ಇದಾವೆ, ಈ ಚಳಿ ಮುಗಿಯೋ ತನಕ ಆ ಕಡೆ ಬಲೆ ಬೇಡ. ಬೆಳ್ಳಿ ಹೇಳಿದ್ದು ಅದನ್ನೇ. ಇನ್ಮೇಲೆ ಎಂತ ಕೇಳೋದಿದ್ರೂ ಇವಳ್ನ ಕೇಳಿ. ಇವ್ಳು ಇನ್ನು ತಪ್ಪು ಹೇಳಲ್ಲ."

ತಿಮ್ಮಣ್ಣ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅವನ ಮುಖ ಆಗ ನನ್ನ ಮುಖದ ಸಮಕ್ಕೆ ಬಂತು. "ಹೇಳೇ ಸರೋಜಿ" ಎಂದ, ನಗದೆ. "ಎಂತ ಕೇಳ್ತು?" ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅಜ್ಜಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳು ಮೂಲೆಗೆ ಕೂರುವ ಮುದುಕಿ ಆಗಲಿಲ್ಲ. ನಾಯಿಯ ಗಂಟಲು ಮುಟ್ಟಿ ನೋಡುವುದು ಅವಳದು, ಕೇಳುವುದು ನನ್ನದು, ಹಾಗೆ ನಾಲ್ಕು ಚಳಿಗಾಲ ನಡೆಸಿದೆವು. ಆಮೇಲೆ ನಾನು ಹೈಸ್ಕೂಲಿಗೆ ಹೊಸನಗರದ ಹಾಸ್ಟೆಲ್ ಸೇರಿದೆ.

ಎಲ್ಲ ಹೋಯಿತು ಎಂದು ಬೇರೆ ಹೇಳಬೇಕೆ? ಹಕ್ಕಲನ್ನು ಉತ್ತು ಅಕೇಶಿಯಾ ನೆಟ್ಟರು. ಅದರಡಿ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದಲ್ಲಿ ಮೊಲ ಮಲಗುವುದಿಲ್ಲ. ಕಾನೂನೂ ಕೊನೆಗೆ ನಡೆದು ಬಂತು. ಬಂದದ್ದು ಒಳ್ಳೆಯದೇ ಆಯಿತು. ಬಲೆಗೆ ಬಿದ್ದ ಮೊಲ ಕೂಸಿನ ಹಾಗೆ ಅಳುತ್ತದೆ, ಅದು ಕೇಳದಿರಲಿ ಎಂದು ಊರಿನ ಕಿವಿಯಾದ ನಾನೇ ಎಷ್ಟೋ ಸಲ ಕಿವಿ ಮುಚ್ಚಿಕೊಂಡದ್ದಿದೆ. ಬಲೆಯನ್ನು ಅಟ್ಟದಲ್ಲೇ ಒರಲೆಹುಳ ತಿಂದವು. ಕರಿಯ ಬಣವೆಯ ಬುಡದಲ್ಲಿ ನಿದ್ದೆಯಲ್ಲೇ ಹೋದ. ಬೆಳ್ಳಿ ಹನ್ನೊಂದು ವರ್ಷ ಬದುಕಿತು, ಆಮೇಲೆ ಒಂದೂ ಸುಳ್ಳು ಕೂಗಲಿಲ್ಲ. ತಿಮ್ಮಣ್ಣ ಈಗಿಲ್ಲ, ಅಪ್ಪಯ್ಯ ಇಲ್ಲ. ಆ ಅಂಗಳದಲ್ಲಿ ಸಾಲಾಗಿ ನಿಂತು ಸುಳ್ಳು ಹೇಳಿದವರಲ್ಲಿ ಒಬ್ಬರೂ ಉಳಿದಿಲ್ಲ.

ಕುಕಿಯ ವಿಷಯ ಹೇಳದಿದ್ದರೆ ತಪ್ಪಾದೀತು. ಅವತ್ತು ಬಿಡದೆ ಅಶ್ವಿನಿಯನ್ನೂ ಕುಕಿಯನ್ನೂ ಕರೆದುಕೊಂಡು ಹಿಂದಿನ ಸೈಟಿಗೆ ಹೋದೆ. ಪಾರ್ಥೇನಿಯಂ ಗಿಡಗಳ ಮಧ್ಯೆ, ಯಾರೋ ಸುರಿದ ಇಟ್ಟಿಗೆ ಚೂರಿನ ಪಕ್ಕ, ಹುಲ್ಲು ಒತ್ತಿ ಮಲಗಿದ ಒಂದು ಗೂಡು. ಸುತ್ತ ನಾಲ್ಕು ಹಿಕ್ಕೆ. ಅಂಗೈ ಇಟ್ಟೆ. "ಮುಟ್ಟು" ಎಂದೆ. ಅಶ್ವಿನಿ ಮುಟ್ಟಿದಳು. "ಅಯ್ಯೋ ಆಂಟಿ, ಬೆಚ್ಚಗಿದೆ!" ಎಂದು ಕೈ ಹಿಂದೆಳೆದುಕೊಂಡು, ಆಮೇಲೆ ಕೂತು ಕುಕಿಯ ಕತ್ತನ್ನು ತಬ್ಬಿ ಸಾರಿ ಕೇಳಿದಳು. ಬೆಲ್ಟ್ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಈಗ ಬೆಳಿಗ್ಗೆ ಕುಕಿ ಕೂಗಿದರೆ ಬಡಾವಣೆಯಲ್ಲಿ ಬೈಯುವವರು ಬೈಯುತ್ತಾರೆ, ನಾನು ಕಿಟಕಿ ತೆಗೆಯುತ್ತೇನೆ.

ಅಜ್ಜಿ ತೀರಿಕೊಂಡದ್ದೂ ಒಂದು ಚಳಿಗಾಲದಲ್ಲಿ. ನಾನು ನರ್ಸಿಂಗ್ ಓದುತ್ತಿದ್ದೆ, ರಜೆ ಹಾಕಿ ಬಂದಿದ್ದೆ. 'ಬೆಳಿಗ್ಗೆ ಬಿಸಿಲು ಬೀಳಲಿ' ಎಂದು ಅವಳ ಮಂಚವನ್ನು ಜಗಲಿಗೆ ತಂದಿದ್ದರು. ಕಿವಿ ಪೂರಾ ಹೋಗಿತ್ತು, ಕಣ್ಣೂ ಮಂಜು. ನಾನು ಪಕ್ಕದಲ್ಲಿ ಕೂತದ್ದು ಹೇಗೆ ತಿಳಿಯಿತೋ, ಕಂಬಳಿಯಡಿಯಿಂದ ಕೈ ಹೊರಗೆ ಬಂತು, ಅಂಗೈ ಮೇಲಾಗಿ. ಮನೆಯಲ್ಲಿ ಆಗ ಒಂದೂ ನಾಯಿ ಇರಲಿಲ್ಲ. ಬೆಳ್ಳಿ ಸತ್ತು ವರ್ಷ ಕಳೆದಿತ್ತು, ಅದನ್ನು ಮತ್ತಿ ದಿಬ್ಬದಲ್ಲಿ ಮಣ್ಣು ಮಾಡುವಾಗ ಅಜ್ಜಿಯೇ ಮೊದಲ ಹಿಡಿ ಮಣ್ಣು ಹಾಕಿದ್ದಳು. ಎಲ್ಲ ಗೊತ್ತಿದ್ದೂ ನನಗೆ ತಡೆಯಲಾಗಲಿಲ್ಲ. ಎರಡು ಸಲ ಒತ್ತಿದೆ. ಹಳ್ಳದ ಕಡೆಗೆ ಒಂದು ಗೆರೆ ಎಳೆದೆ. ನಿಧಾನವಾಗಿ ಒಂದು ಸುತ್ತು ಹಾಕಿದೆ. ಎದ್ದ ಜಾಗದಲ್ಲಿ ಚುಕ್ಕೆ ಇಡುವ ಮೊದಲೇ ಅಜ್ಜಿಯ ತುಟಿ ಅಲ್ಲಾಡಿತು. "ಸುಳ್ಳಿ" ಎಂದಳು. ಕಟ್ಟಳೆ ಎಂದರೆ ಕಟ್ಟಳೆ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ನರಳಿ, ಗೋಡೆಯ ಕಡೆಗೆ ಹೊರಳಿ ನನಗೆ ಬೆನ್ನು ತಿರುಗಿಸಿದಳು. ನಾನು ಅವಳ ಕಂಬಳಿಯ ತುದಿ ಹಿಡಿದುಕೊಂಡು ಕೂತೆ. ಬಿಸಿಲು ಜಗಲಿಯ ಒಂದು ಕಂಬದಿಂದ ಇನ್ನೊಂದಕ್ಕೆ ಬಂತು. ಆಗ ಆ ಬೆನ್ನಿನ ಹಿಂದಿನಿಂದ ಅವಳ ಕೈ ಮೆಲ್ಲಗೆ ನನ್ನ ಕಡೆಗೆ ಬಂತು, ತಡವರಿಸುತ್ತ, ಅಂಗೈ ತೆರೆದುಕೊಂಡೇ. ನಾನು ನನ್ನ ಕೈ ಅದರಲ್ಲಿಟ್ಟೆ. ಈ ಸಲ ಏನೂ ಒತ್ತಲಿಲ್ಲ.